ಭುಜ ನೋಡಿ ಬಾರಿಸು

…ಬೆಳಕು ಕೊಟ್ಟವನೇ, ಬಟ್ಟಲು ತುಂಬಿದವನೇ, ಬಡಗಿಯ ಮನೆಯಲ್ಲಿ ಮರದ ಹೊಟ್ಟಿನ ನಡುವೆ ಬೆಳೆದ ಕರ್ತನೇ, ನಿನಗೆ ಸ್ತೋತ್ರ. ಈ ರೊಟ್ಟಿಯನ್ನು ಆಶೀರ್ವದಿಸು. ಇದನ್ನು ಬೇಯಿಸಿಟ್ಟು ಹೋದ ನನ್ನ ಅರ್ಲೀನಳ ಕೈಗಳನ್ನು ಆಶೀರ್ವದಿಸು. ಇಷ್ಟು ದೂರ ನನ್ನನ್ನು ಹುಡುಕಿಕೊಂಡು ಬಂದ ಈ ಹುಡುಗಿಯ ಮನಸ್ಸಿಗೆ ಸಮಾಧಾನ ಕೊಡು. ಯೇಸುವಿನ ಹೆಸರಿನಲ್ಲಿ ಬೇಡಿಕೊಳ್ತೀವಿ. ಆಮೆನ್.

ಹೂಂ, ಈಗ ತಿನ್ನು. ನೀನೂ ಆಮೆನ್ ಅಂದೆ ತಾನೆ? ಅಂದೆಯಾ… ಒಳ್ಳೇದು. ದೇಶಾನೆಲ್ಲ ಸುತ್ತಿ ಬಂದ್ರೂ ಅದೊಂದು ಮರೆತಿಲ್ಲ.

ಅಲ್ಲಿ ಬೇಡ ಕ್ಯಾಲಿ, ಈ ಕಡೆ ಬಾ, ಕಿಟಕಿ ಪಕ್ಕದ ಕುರ್ಚಿಗೆ. ಯಾಕೆ ಅಂದ್ರೆ? ಬೆಳಕಿನಲ್ಲಿ ಕೂತ್ಕೊಳ್ಳೇ ತಾಯೀ, ನಿನ್ನ ಮುಖ ನೋಡಿ ಎಷ್ಟು ಕಾಲ ಆಯ್ತು! ಟೀವಿಯಲ್ಲಿ ಕಂಡದ್ದೇ ಕಂಡದ್ದು, ಅಲ್ಲೂ ಕೂದಲೆಲ್ಲ ಮುಖದ ಮೇಲೆ. ಹಾಂ, ಹಾಗೆ. ಕೂದಲು ಹಿಂದಕ್ಕೆ ಹಾಕು. ಆ ಹ್ಯಾಟು ಮೇಜಿನ ಮೇಲಿಡು. ಲೋಟ ಕೆಳಗಿಟ್ಟು ಮಾತಾಡು. ಹೆಸರು ಬಂದಮೇಲೆ ನೀವೆಲ್ಲ ಕಾಲರಿನೊಳಗೆ ಗೊಣಗೋದು ಕಲಿತುಬಿಟ್ಟಿದ್ದೀರಿ.

ಯಾಕೆ ನಗ್ತೀಯ? ಭಾನುವಾರದ ಶಾಲೆಯ ಟೀಚರಮ್ಮನ ಥರ ಆಡ್ತೀನಾ? ಆಡ್ತೀನಪ್ಪ. ಈ ವಯಸ್ಸಿಗೆ ಅಷ್ಟು ಹಕ್ಕು ಇದೆ.

ಮಜ್ಜಿಗೆಗೆ ಮುರಿದು ಹಾಕ್ಕೋ ಆ ಜೋಳದ ರೊಟ್ಟೀನ. ಚಿಕ್ಕವಳಿದ್ದಾಗ ಹಾಗೇ ತಿಂತಿದ್ದೆ, ಗ್ರೀಸು ಕೈಯಲ್ಲೇ. ಅರ್ಲೀನ್ ಬೈತಿದ್ದಳು. ಅವಳು ಚರ್ಚಿಗೆ ಹೋಗಿದ್ದಾಳೆ, ಹೆಂಗಸರ ಕೂಟದ ಅಡುಗೆ. ಸಾಯಂಕಾಲಕ್ಕೆ ಬರ್ತಾಳೆ. ನೀನು ಬಂದಿದ್ದೆ ಅಂದ್ರೆ…

ನಾಳೆ. ಹೂಂ. ಗೊತ್ತು ಮಗಳೇ, ನಾಳೆ ಅಂತ ಗೊತ್ತು. ಮೆಂಫಿಸ್‌ನಲ್ಲಿ, ಆ ಹಳೇ ದೊಡ್ಡ ಥಿಯೇಟರಿನಲ್ಲಿ ನಿಮ್ಮ ಹಾಡಿನ ಕಾರ್ಯಕ್ರಮ. ಬಾಲ್ಕನಿಯೂ ತುಂಬಿಹೋಗಿದೆಯಂತೆ. ಬಾಗಿಲ ಮೇಲೆ ದೀಪದ ಅಕ್ಷರದಲ್ಲಿ 'ಪ್ಲೈವುಡ್ ಸೇಂಟ್ಸ್' ಅಂತ ಹಾಕಿದ್ದಾರಂತೆ. ಅರ್ಲೀನ್ ಪೇಪರಿನಲ್ಲಿ ಚಿತ್ರ ತೋರಿಸಿ, 'ನೋಡು ಹೋಸಿಯಾ, ನಿನ್ನ ಶೆಡ್ಡಿನ ಹಲಗೆಗೂ ಸಂತ ಪದವಿ ಸಿಕ್ತು' ಅಂದ್ಲು. ಪಾಸ್ಟರ್ ಗಿಡ್ಡೆನ್ಸ್‌ಗೆ ಮಾತ್ರ ನಿಮ್ಮ ಬ್ಯಾಂಡಿನ ಹೆಸರು ಕೇಳಿದ್ರೆ ಈಗಲೂ ಹಲ್ಲುನೋವು ಬರುತ್ತೆ. 'ಡೀಕನ್ ಬ್ರೇಸಿ, ಪ್ಲೈವುಡ್ಡಿನಲ್ಲಿ ಸಂತರನ್ನು ಮಾಡೋಕಾಗಲ್ಲ' ಅಂತಾನೆ. ನಾನೇನಂದೆ ಗೊತ್ತಾ? 'ಪಾಸ್ಟರ್, ನಮ್ಮ ಮೊದಲ ಬೆಂಚಿನಲ್ಲಿ ಕೂರೋ ಕೆಲವರನ್ನು ಅದಕ್ಕಿಂತ ತೆಳು ಮರದಲ್ಲಿ ಮಾಡಿದ್ದಾರಲ್ಲ!'

ಹಹ್ಹಾ… ನಗು, ನಗು. ನೀನು ನಕ್ಕರೆ ನಿಮ್ಮಪ್ಪನ ಮುಖವೇ.

'ನೀವು ಬರಲೇಬೇಕು ಡೀಕನ್' ಅಂತೀಯ. ಒಂದೇ ಒಂದು ಹಾಡಿಗೆ. 'ಆಚೆ ದಡದ ದೀಪ' ಒಂದಕ್ಕೆ. ನಾನು ಕುರ್ಚಿಯಲ್ಲಿ, ಕಾಲಲ್ಲಿ ತಾಳ ಹಾಕೋಕೆ ಕೆಳಗೆ ಅದೇ ಪ್ಲೈವುಡ್ ಹಲಗೆ. ಒಂದು ಮಗ್ಗುಲಿಗೆ ಡ್ರಮ್ಮಿನ ಹಿಂದೆ ನೀನು, ಇನ್ನೊಂದು ಮಗ್ಗುಲಿಗೆ ಗಿಟಾರ್ ಹಿಡಿದು ನಿನ್ನಣ್ಣ ಡ್ವೈಟ್. ನೋಡೋಕೆ ಚೆನ್ನಾಗೇ ಇರುತ್ತೆ… ಆಗೋದಿಲ್ಲ ಮಗಳೇ.

ಮಂಡಿ. ಈ ಎಡ ಮಂಡಿ ಇದೆಯಲ್ಲ, ವ್ಯಾನಿನಲ್ಲಿ ಅಷ್ಟು ದೂರ ಮಡಿಸಿಕೊಂಡು ಕೂತರೆ ಆಮೇಲೆ ಬಿಚ್ಚೋದೇ ಇಲ್ಲ. ಏನು? ನೆನ್ನೆ ಶೆಡ್ಡಿನ ಛಾವಣಿ ಹತ್ತಿದ್ನಾ? ಯಾರು ಹೇಳಿದ್ರು ನಿಂಗೆ? ಅರ್ಲೀನಾ! ಆ ಹೆಂಗಸಿನ ಬಾಯಿ… ಛಾವಣಿ ಹತ್ತೋದು ಬೇರೆ ಕ್ಯಾಲಿ, ವ್ಯಾನಿನಲ್ಲಿ ಕೂರೋದು ಬೇರೆ.

ಗೋಡೆ ಕಡೆ ಯಾಕೆ ನೋಡ್ತೀಯ? ಓ, ಫೋನು. ಬಿಡು, ಬಡ್ಕೊಳ್ಳಲಿ. ಊಟಕ್ಕೆ ಕೂತಾಗ ನಾನು ಫೋನ್ ಎತ್ತೋದಿಲ್ಲ. ಈಚೆಗೆ ಮಾಡಿಕೊಂಡ ಪದ್ಧತಿ… ಒಳ್ಳೇ ಪದ್ಧತಿ.

ಆ ಕೆಂಪು ಟ್ರಾಕ್ಟರ್ ನೆನಪಿದೆಯಾ? ನಿಮ್ಮಪ್ಪ ಅದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ನನ್ನ ರಿಪೇರಿ ಶೆಡ್ಡಿಗೆ ಬಂದ ಶನಿವಾರ? ಹಿಂದೆ ನೀವಿಬ್ಬರು, ಬಿಸಿಲಿಗೆ ಮೂಗು ಸುಲಿದುಹೋದ ಎರಡು ಬಿಳೀ ಮಕ್ಕಳು. 'ಮಿಸ್ಟರ್ ಬ್ರೇಸಿ, ಇದು ಕೆಮ್ಮುತ್ತೆ, ಓಡಲ್ಲ' ಅಂದ ನಿಮ್ಮಪ್ಪ. ಈ ಕೌಂಟಿಯಲ್ಲಿ ನನ್ನಂಥ ಕಪ್ಪು ಮನುಷ್ಯನನ್ನು ಮಿಸ್ಟರ್ ಅಂತ ಕರೆದ ಬಿಳಿಯರು ಆ ಕಾಲಕ್ಕೆ ಎಷ್ಟು ಜನ ಇದ್ದರು ಅಂತ ನಿನಗೆ ಗೊತ್ತಿಲ್ಲ. ಅದಕ್ಕೇ ಮೊದಲು ಅವನ ಟ್ರಾಕ್ಟರನ್ನೇ ಬಿಚ್ಚಿದೆ.

ಡ್ವೈಟ್ ಮೂಲೆಯಲ್ಲಿದ್ದ ನನ್ನ ಗಿಟಾರನ್ನೇ ನೋಡ್ತಾ ನಿಂತುಬಿಟ್ಟ. ನೀನು ಎಣ್ಣೆ ಡಬ್ಬದ ಮೇಲೆ ಸ್ಪ್ಯಾನರಿನಿಂದ ಟಣ್ ಟಣ್ ಅಂತ ಶುರು ಮಾಡಿದೆ! ನಿಲ್ಲಿಸೇ ಅಂದ್ರೆ ನಿಲ್ಲಿಸ್ತಿರಲಿಲ್ಲ. ಕೊನೆಗೆ ನಾನೇ ಸೋತು ಗಿಟಾರ್ ತಗೊಂಡು, ಆ ಹಲಗೆ ಮೇಲೆ ಕಾಲಿಟ್ಟು, ಅಮ್ಮ ಬಟ್ಟೆ ಒಗೆಯುವಾಗ ಗುನುಗ್ತಿದ್ದ ಆ 'ಆಚೆ ದಡದ ದೀಪ' ಶುರು ಮಾಡಿದೆ. ಒಂದೇ ಪಟ್ಟು. ತಂತಿಯ ಮೇಲೆ ಬೆರಳು ಬದಲಾಗದ ಒಂದೇ ಪಟ್ಟು, ನೀರು ಹೋದ ಹಾಗೆ ಹೋಗ್ತಾನೇ ಇರೋದು. ಡ್ವೈಟ್ ಕೇಳಿದ, 'ಆ ಗುರ್ರ್ ಅನ್ನೋ ಸದ್ದು ಹೇಗೆ ಬರ್ಸ್ತೀರಿ ಸಾರ್?' ಅಂತ. ನಾನೇನು ಬರ್ಸ್ತಿದ್ದೆ! ಸ್ಪೀಕರಿನ ಒಳಗಿನ ಕಾಗದ ಇಲಿ ಕಡಿದು ಹರಿದಿತ್ತು ಕಣೇ! ಹೊಸದು ಹಾಕ್ಸೋಕೆ ಸೋಮಾರಿತನ. ಈಗ ಅದೇ ಸದ್ದಿಗೆ ಪತ್ರಿಕೆಯವರು ಪುಟಗಟ್ಟಲೆ ಬರೀತಾರೆ, 'ಪ್ಲೈವುಡ್ ಸೇಂಟ್ಸ್ ಕಂಡುಹಿಡಿದ ಹೊಸ ಗರ್ಜನೆ' ಅಂತ. ಆ ಇಲಿಗೆ ಯಾರೂ ಒಂದು ಸ್ತೋತ್ರ ಹೇಳಲಿಲ್ಲ.

ಹೌದು ಹೌದು, ಆ ಸ್ಟುಡಿಯೋ ಕಥೆ! ನೀನೇ ಹೇಳಿದ್ದೆ. ಮೊದಲನೇ ರೆಕಾರ್ಡಿಗೆ ದೊಡ್ಡ ಊರಿಗೆ ಕರೆಸಿ, ನನ್ನ ಹಳೇ ಸ್ಪೀಕರ್ ಪೆಟ್ಟಿಗೆಯನ್ನು ಅವರು ಪ್ರೀತಿಯಿಂದ ರಿಪೇರಿ ಮಾಡಿ, ಹೊಸ ಕಾಗದ ಹಾಕಿ ತಂದಿಟ್ಟಿದ್ರು. ಡ್ವೈಟ್ ಬಾರಿಸಿದ್ರೆ ಸದ್ದು ಇಸ್ತ್ರಿ ಮಾಡಿದ ಷರ್ಟಿನ ಹಾಗೆ. ಅವನು ಅಳೋಕೆ ಶುರು ಮಾಡಿದ. ನೀನು ಜಡೆಯಿಂದ ಪಿನ್ನು ತೆಗೆದು ಸೀದಾ ಹೋಗಿ ಕಾಗದ ಹರಿದುಬಿಟ್ಟೆ! ಅಯ್ಯೋ ಅಂದ್ರಂತೆ ಅವರೆಲ್ಲ. ಹಹ್ಹಾ! ಅರ್ಲೀನ್ ಆ ಕಥೇನ ಚರ್ಚಿನಲ್ಲೆಲ್ಲ ಹೇಳಿದ್ದಾಳೆ.

ಚರ್ಚಿನವರು ಏನಂತಾರೆ ಅಂತ ಕೇಳ್ತೀಯಾ? ಎಲ್ಲ ಥರಾನೂ ಅಂತಾರೆ. 'ಡೀಕನ್, ನಿಮ್ಮ ಹಾಡು ಆ ಬಿಳೀ ರೆನ್‌ಫ್ರೋ ಮಕ್ಕಳ ಜೊತೆ ಓಡಿಹೋಯ್ತಲ್ಲ!' ಅಂತ ಕಿಚಾಯಿಸ್ತಾರೆ. ಕೆಲವರು ನಗುನಗ್ತಾ, ಕೆಲವರು ನಗದೆ. ನಗದೇ ಇರೋರ ತಪ್ಪಲ್ಲ ಅದು. ಈ ಸೀಮೆಯಲ್ಲಿ ನಮ್ಮ ಕಪ್ಪು ಜನರ ಕೈಯಿಂದ ಏನೇನು ಹೋಗಿದೆ ಅಂತ ಅವರಿಗೆ ನೆನಪಿದೆ. ನಾನು ಇಷ್ಟೇ ಹೇಳೋದು: ಆ ಮಕ್ಕಳು ಕದ್ದು ಕಲೀಲಿಲ್ಲ, ಎದುರಿಗೆ ಕೂತು ಕಲಿತರು. ಹೋದ ಕಡೆಯೆಲ್ಲ ಇದು ಹೋಸಿಯಾ ಬ್ರೇಸಿ ಅವರ ಅಮ್ಮನ ಹಾಡು ಅಂತ ಹೇಳಿ ಹಾಡ್ತಾರೆ. ಲಂಡನ್ನಿನಲ್ಲಿ ಹೇಳಿದ್ರಂತಲ್ಲ? ನನ್ನ ಅಮ್ಮ ಈ ಕೌಂಟಿ ದಾಟಿದವಳಲ್ಲ ಕ್ಯಾಲಿ. ಅವಳ ಹೆಸರು ಸಮುದ್ರ ದಾಟಿತು.

ಮೊದಲನೇ ಸಲ ಆ ಮೀನಿನ ಹೋಟೆಲಿನಲ್ಲಿ ನೀವು ಬಾರಿಸಿದ್ದು… ಜನ ಕರಿದ ಮೀನು ತಿನ್ನೋದು ಬಿಟ್ಟು ಬಯ್ಯೋಕೆ ಶುರು ಮಾಡಿದ್ರು. ಎರಡೇ ಜನ, ಬೇಸ್ ಗಿಟಾರ್ ಇಲ್ಲ, ಇದೇನು ಬ್ಯಾಂಡಾ, ಬಾಗಿಲು ಮುರಿಯೋ ಸದ್ದಾ ಅಂತ. ನೀನು ಕಣ್ಣು ತುಂಬಿಕೊಂಡು ನನ್ನ ಕಡೆ ನೋಡಿದೆ. ನಾನೇನು ಮಾಡಿದೆ? ಮೂಲೆಯ ಮೇಜಿನಿಂದಲೇ ಭುಜ ಎತ್ತಿ ಇಳಿಸಿದೆ, ಅಷ್ಟೇ. ನೀನು ತಾಳ ಹಿಡಿದೆ. ಡ್ವೈಟ್ ನಿನ್ನ ಹಿಂದೆ ಬಂದ. ಆಮೇಲೆ ಯಾರೋ ಒಬ್ಬಳು ಮುದುಕಿ ಎದ್ದು ಕುಣಿದಳಲ್ಲ, ಕೈಯಲ್ಲಿ ಮೀನು ಹಿಡಿದುಕೊಂಡೇ!

ಭುಜ… ಹೂಂ. ಅದನ್ನೇ ಹೇಳೋಕೆ ಬಂದಿದ್ದೀಯ ನೀನು. ಗೊತ್ತು.

ನಿಧಾನ, ನಿಧಾನವಾಗಿ ಹೇಳು. ಮತ್ತೆ ಮುಖ ಆ ಕಡೆ ತಿರುಗಿಸಬೇಡ. ಹಾಂ… ಡ್ವೈಟ್ ಈಗ ನಿನ್ನ ನೋಡೋದಿಲ್ಲ. ಕಣ್ಣು ಮುಚ್ಚಿಕೊಂಡು ಬಾರಿಸ್ತಾನೆ. ಫೋಟೋದವರಿಗೆ ಚೆನ್ನಾಗಿ ಕಾಣುತ್ತೆ ಅಂತ. ಆ ರೆಕಾರ್ಡ್ ಕಂಪನಿಯವನು… ಏನು? ಕಿವಿಯಲ್ಲಿ? ನಿನ್ನ ಕಿವಿಯಲ್ಲಿ ಟಿಕ್ ಟಿಕ್ ಅನ್ನೋ ಯಂತ್ರ ಇಟ್ಟುಕೊಂಡು ಬಾರಿಸಬೇಕು ಅಂತಾನಾ! ನೀನು ಒಂದು ಉಸಿರು ತಡ ಮಾಡ್ತೀಯ, ಅದು ತಪ್ಪು ಅಂತಾನಾ! ಆ ತಡ ಇಲ್ಲದಿದ್ರೆ ಆ ಹಾಡಿನಲ್ಲಿ ಏನಿದೆ? ಬಟ್ಟೆ ಎತ್ತಿ ಕಲ್ಲಿಗೆ ಬಡಿಯೋದಕ್ಕೆ ಮುಂಚೆ ಅಮ್ಮ ಉಸಿರೆಳೆದುಕೊಳ್ತಿದ್ದಳಲ್ಲ, ಆ ಉಸಿರು ಕಣೇ ಅದು! ಡ್ವೈಟ್ ಏನಂದ? ಏನೂ ಅನ್ನಲಿಲ್ಲವಾ… ಸುಮ್ಮನೆ ಇದ್ದನಾ.

ಅದು ತಪ್ಪು. ಅದು ದೊಡ್ಡ ತಪ್ಪು. ನಾನು ನಿಮಗೆ ಕಲಿಸಿದ್ದು ಒಂದೇ ಪಾಠ. ಎಣಿಸಬೇಡಿ. ಕಿವಿಯನ್ನೂ ಪೂರ್ತಿ ನಂಬಬೇಡಿ. ಶೆಡ್ಡಿನಲ್ಲಿ ಇಂಜಿನ್ ಓಡ್ತಿದ್ರೆ ಕಿವಿಗೇನು ಕೇಳುತ್ತೆ? ನಮ್ಮ ಸೀಮೆಯ ಹಳಬರು ಬಯಲಲ್ಲಿ ಡ್ರಮ್ಮು ಹೊಡೆಯೋರು, ಒಬ್ಬರ ಸದ್ದು ಒಬ್ಬರಿಗೆ ಕೇಳ್ತಿರಲಿಲ್ಲ, ಅಷ್ಟು ಗದ್ದಲ. ಮುಂದೆ ಇರೋನ ಭುಜ ನೋಡ್ತಿದ್ರು. ಭುಜ ಎದ್ದರೆ ತಡಿ. ಇಳಿದರೆ ತಾಳದ ಮೇಲೆ ಬೀಳು. ಹಾಡೋನು ಯಾವಾಗ ಸಿದ್ಧನೋ ಆಗ ಹಾಡು ತಿರುಗುತ್ತೆ, ಗಡಿಯಾರ ಹೇಳಿದಾಗಲ್ಲ.

ಏನಂದೆ? ಇನ್ನೊಂದು ಸಲ ಹೇಳು.

…ಹಾಗೆಲ್ಲ ಮಾತಾಡಬಾರದು ಕ್ಯಾಲಿ. 'ನಾಳೆ ನೀವು ಬರದೇ ಇದ್ರೆ ನಾನು ಡ್ರಮ್ಮಿನ ಕೋಲು ಕೆಳಗಿಡ್ತೀನಿ' ಅಂತ ಮುದುಕನನ್ನು ಹೆದರಿಸ್ತಾರಾ? ಹೆದರಿಸ್ತಿಲ್ಲ… ನಿಜವೇ ಹೇಳ್ತಿದ್ದೀಯಾ. ನಾನು ಮಧ್ಯೆ ಕೂತರೆ ಅವನು ಕಣ್ಣು ತೆರೀತಾನೆ, ನನ್ನ ಭುಜ ನೋಡ್ತಾನೆ, ನಿನ್ನನ್ನೂ ನೋಡ್ತಾನೆ. ಇಲ್ಲದಿದ್ರೆ ನಾಳೆಯೇ ಕೊನೆ. ಅಷ್ಟೇ ತಾನೆ ನೀನು ಹೇಳೋದು?

ದೇವರೇ.

ಕೇಳು. ನಿಜವಾದ ಕಾರಣ ಹೇಳ್ತೀನಿ. ಮಂಡಿ ಅಲ್ಲ. ಒಪ್ಕೋತೀನಿ, ಮಂಡಿ ಅಲ್ಲ. ಗಿಟಾರ್ ಕೆಳಗಿಡು ಅಂತ ನನಗೆ ಮೇಲಿನಿಂದಲೇ ಅಪ್ಪಣೆಯಾಗಿದೆ. ಈಸ್ಟರ್ ದಿನ. ನಗಬೇಡ! ನಗ್ತಿಲ್ಲವಾ… ಸರಿ. ನಮ್ಮಲ್ಲಿ ಹಾಡು ಹೇಗೆ ಅಂತ ನಿನಗೆ ಗೊತ್ತಲ್ಲ, ಪುಸ್ತಕ ಇಲ್ಲ. ಡೀಕನ್, ಅಂದ್ರೆ ಸಭೆಯ ಹಿರಿಯ, ಮೊದಲು ಒಂದು ಸಾಲು ಹೇಳ್ತಾನೆ, ಸಭೆ ಅದನ್ನು ಎಳೆದು ಎಳೆದು ಹಾಡುತ್ತೆ. ಆಮೇಲೆ ಮುಂದಿನ ಸಾಲು. ಅವತ್ತು ನಾನು ಕಣ್ಣು ಮುಚ್ಚಿ ಹಾಡಿಗಿಳಿದೆ. ಸಭೆ ಹಾಡಿ ಮುಗಿಸಿತು. ಎಲ್ಲರೂ ಸುಮ್ಮನಾದರು. ನಾನು ಮಾತ್ರ… ಹಾಡ್ತಾನೇ ಇದ್ದೆ. ಒಬ್ಬನೇ. ಎಷ್ಟೋ ಹೊತ್ತು. ಕಣ್ಣು ತೆರೆದರೆ ಜನ ಎದ್ದು ನಿಂತಿದ್ದಾರೆ, ಕೈ ಮೇಲೆತ್ತಿದ್ದಾರೆ, ನಮ್ಮ ಸಭೆಯ ಮುದುಕಿ ಸಿಸ್ಟರ್ ಪೆಟ್ವೇ ನೆಲಕ್ಕೆ ಬಿದ್ದು ಅಳ್ತಿದ್ದಾಳೆ. 'ಪವಿತ್ರಾತ್ಮ ಡೀಕನ್‌ನ ಮೇಲೆ ಇಳಿದಿದೆ!' ಅಂದ ಪಾಸ್ಟರ್. 'ಲೋಕ ಸುಮ್ಮನಾದ್ರೂ ಅವನ ಸ್ವರ ಸುಮ್ಮನಾಗಲಿಲ್ಲ' ಅಂತ.

ಅವತ್ತಿನಿಂದ ನನ್ನ ಸ್ವರ ಸಭೆಯದು. ಶೆಡ್ಡಿನ ಹಾಡು ಮುಗೀತು. ಹೇಗೆ ಬರಲಿ ಹೇಳು, ದೇವರೇ ಬೇಡ ಅಂದಮೇಲೆ?

ಯಾಕೆ ಹಾಗೆ ನೋಡ್ತೀಯ?

ಎಲ್ಲಿಗೆ ಎದ್ದೆ? ಓ… ಕೆಟಲ್ಲು. ಹಬೆ ಮೇಲಕ್ಕೆ ಹೊಡೀತಿದೆ. ಆಗಲೇ ಕುದಿ ಬಂತಾ? ನಾನೂ ಏಳೋಣ ಅಂತಲೇ ಇದ್ದೆ. ಸಿಳ್ಳೆ ಹೊಡೆದ್ರೆ ಹೊಡೀಲಿ ಅಂತ… ಆರಿಸಿಬಿಡು. ಸುಟ್ಟ ವಾಸನೆ ಬರ್ತಿದೆಯಾ? ನೀರೆಲ್ಲ ಆರಿಹೋಯ್ತಾ? ಪರವಾಗಿಲ್ಲ. ಅರ್ಲೀನ್‌ಗೆ ಹೇಳಬೇಡ.

ಹಾಗೆ ನೋಡಬೇಡ ಅಂದೆನಲ್ಲ ಕ್ಯಾಲಿ. ವಯಸ್ಸಾದವರು ಮಾತಿನ ಭರದಲ್ಲಿ ಒಲೆ ಮರೀತಾರೆ. ನಿನಗೂ ವಯಸ್ಸಾಗುತ್ತೆ.

ಸರಿ, ಬರೋದಿಲ್ಲ ಅಂದಮೇಲೆ ಬರೋದಿಲ್ಲ. ಆದ್ರೆ ನಿನ್ನನ್ನು ಬರಿಗೈಲಿ ಕಳಿಸೋದಿಲ್ಲ. ಅಂಜೂರದ ಜಾಮ್ ಇದೆ, ತಗೊಂಡು ಹೋಗು. ಡ್ವೈಟ್‌ಗೆ ನಾನು ಹೇಳಿದೆ ಅಂತ ಹೇಳು, ಕಣ್ಣು ತೆರೆದು ಬಾರಿಸಪ್ಪ ಅಂತ… ಏನದು? ಹೊಸ ರೆಕಾರ್ಡಿನ ಸೀಡಿಯಾ? ಇನ್ನೂ ಹೊರಗೆ ಬಂದಿಲ್ಲವಾ? ಅದರಲ್ಲೂ 'ಆಚೆ ದಡದ ದೀಪ' ಇದೆಯಾ, ಹೊಸದಾಗಿ ಬಾರಿಸಿದ್ದೀರಾ. ಕೇಳಿ ಹೇಳಬೇಕಾ, ಸರಿಯಾಗಿದೆಯೋ ಇಲ್ಲವೋ ಅಂತ…

ಈಗಲೇನಾ? ಬಿಟ್ಟು ಹೋಗು ಮಗಳೇ, ಅರ್ಲೀನ್ ಬಂದಮೇಲೆ ಇಬ್ಬರೂ ಕೂತು… ಹಟ. ಚಿಕ್ಕವಳಿದ್ದಾಗಿಂದ ಇದೇ ಹಟ. ಆಯ್ತು, ಹಾಕು. ಅಲ್ಲಿದೆ ನೋಡು ಹಾಡಿನ ಪೆಟ್ಟಿಗೆ, ಬೈಬಲ್ ಪಕ್ಕದಲ್ಲಿ. ಆ ಗುಂಡಿ ಒತ್ತು. ಹಾಂ, ಹಸಿರು ದೀಪ ಬಂತು.

ಹೂಂ.

ಹೂಂ… ಶುರುವೇ ಚೆನ್ನಾಗಿದೆ. ಡ್ವೈಟ್‌ನ ಕೈ ಬಲಿತಿದೆ. ಆ ಗುರ್ರ್… ಅದೇ, ಅದೇ ಇಲಿ! ಹಹ್ಹಾ. ಬಂದೆ ನೋಡು, ನೀನು ಬಂದೆ. ಇಲ್ಲಿ… ಇಲ್ಲಿ ಒಂದು ಕೂದಲೆಳೆ ಬೇಗ ಬಂದೆಯಾ ಅಂತ… ಇಲ್ಲ, ಸರಿಯಾಗಿಯೇ ಇದೆ. ನೋಡು, ನನ್ನ ಕಾಲು ತಾನಾಗಿಯೇ ತಾಳ ಹಾಕ್ತಿದೆ. ಅಮ್ಮ ಇದ್ದಿದ್ರೆ ಬಕೀಟು ಕೆಳಗಿಟ್ಟು ನಿಂತು ಕೇಳ್ತಿದ್ದಳು. ಆ ಉಸಿರೂ ಹಾಗೇ ಇದೆ, ಬಿಟ್ಟಿಲ್ಲ ನೀನು. ಯಾವ ಯಂತ್ರಕ್ಕೂ ಬಿಟ್ಟುಕೊಟ್ಟಿಲ್ಲ. ಸ್ತೋತ್ರ! ಕರ್ತನಿಗೆ ಸ್ತೋತ್ರ!

ಯಾಕೆ ಅಳ್ತೀಯ? ಚೆನ್ನಾಗಿದೆ ಅಂದೆನಲ್ಲೇ ಹುಚ್ಚಿ. ತುಂಬಾ ಚೆನ್ನಾಗಿದೆ. ಇದನ್ನೇ ಹೊರಗೆ ತರಬಹುದು ಅಂತ ಹೇಳು ಅವರಿಗೆ. ಯಾಕೆ… ಏನಾಯ್ತು? ಏನಾದ್ರೂ ಹೇಳು. ಕ್ಯಾಲಿ? ತುಟಿ ಬಿಗಿ ಹಿಡಿದು ನಿಂತರೆ ನನಗೆ ಹೇಗೆ…

ಹ್ಯಾಟು ಯಾಕೆ ಎತ್ತಿದೆ?

…

ಅದು ಹ್ಯಾಟಿನ ಕೆಳಗಿತ್ತು.

ರೆಕಾರ್ಡು ಹ್ಯಾಟಿನ ಕೆಳಗೇ ಇತ್ತು. ಪೆಟ್ಟಿಗೆ ಖಾಲಿ.

ಇದೇನು ಆಟ? ಹಾಂ? ನನ್ನ ಮನೆಯಲ್ಲಿ, ನನ್ನ ಮೇಜಿನ ಮುಂದೆ, ಈಗ ತಾನೇ ಪ್ರಾರ್ಥನೆ ಮಾಡಿ ಕೊಟ್ಟ ರೊಟ್ಟಿ ತಿಂದು… ನನ್ನನ್ನು ಪರೀಕ್ಷೆ ಮಾಡ್ತೀಯಾ! ಎದ್ದು ಹೋಗು. ಹೋಗು ಅಂದೆ! ಮೆಂಫಿಸ್‌ಗೆ ಹೋಗು, ಲಂಡನ್ನಿಗೆ ಹೋಗು…

ಬೇಡ. ಹೋಗಬೇಡ. ಕೂತ್ಕೋ.

ಕೂತ್ಕೋ ಮಗಳೇ. ಕೂಗಬೇಡ, ಕೂಗಿದ್ರೆ ಬಾಯಿ ವಕ್ರವಾಗುತ್ತೆ, ತುಟಿ ಓದೋಕಾಗಲ್ಲ. ಏನೂ ಹೇಳ್ತಿಲ್ಲವಾ.

ಎಡ ಕಿವಿ ಎಂದೋ ಹೋಗಿತ್ತು. ಎಷ್ಟು ವರ್ಷ ಇಂಜಿನ್ನಿಗೆ ಕಿವಿ ಕೊಟ್ಟು ರೋಗ ಕಂಡುಹಿಡಿದೆ! ಬಲ ಕಿವಿ ಇತ್ತು, ಸಾಕು ಅಂತಿದ್ದೆ. ಈ ಚಳಿಗಾಲ… ಮೊದಲು ಹಕ್ಕಿಗಳು ಹೋದವು. ಚಳಿ ಅಲ್ಲವಾ, ಹಕ್ಕಿ ಇರೋದಿಲ್ಲ ಅಂದುಕೊಂಡೆ. ಆಮೇಲೆ ಅರ್ಲೀನ್ ಅಡುಗೆಮನೆಯಲ್ಲಿ ಗುನುಗ್ತಾಳಲ್ಲ, ಅದು ಹೋಯ್ತು. ಯಾಕೋ ಮುನಿಸಿಕೊಂಡಿದ್ದಾಳೆ ಅಂದುಕೊಂಡೆ! ಸಮಾಧಾನ ಮಾಡೋಣ ಅಂತ ಹೂವು ತಂದುಕೊಟ್ಟೆ. ಅವಳು ನಗ್ತಾ ಏನೋ ಅಂದಳು. ಆ ನಗುವಿಗೂ ಸದ್ದಿರಲಿಲ್ಲ. ಪಟ್ಟಣದ ಡಾಕ್ಟರು ನೋಡಿದ್ರು. ಕಿವಿಗೆ ಯಂತ್ರ ಹಾಕಿದ್ರೂ ಪ್ರಯೋಜನವಿಲ್ಲ, ಒಳಗಿನ ದೀಪವೇ ಆರಿದೆ ಅನ್ನೋ ಹಾಗೆ ಏನೋ ಬರೆದು ತೋರಿಸಿದ್ರು. ಯಾರಿಗೂ ಹೇಳಲಿಲ್ಲ. ಮುಖ ನೋಡಿ ಮಾತು ಹಿಡಿಯೋದು ಅಭ್ಯಾಸ ಮಾಡಿದೆ. ಎಲ್ಲರನ್ನೂ ಬೆಳಕಿನಲ್ಲಿ ಕೂರಿಸೋದು ಕಲಿತೆ.

ಈಸ್ಟರ್… ಹೂಂ. ನೀನು ಕೇಳದೇ ಇದ್ರೂ ಕೇಳ್ತಿದ್ದೀಯ. ಪವಿತ್ರಾತ್ಮ ಅಲ್ಲ ಕ್ಯಾಲಿ. ಸಭೆ ನಿಲ್ಲಿಸಿದ್ದು ನನಗೆ ಗೊತ್ತಾಗಲಿಲ್ಲ. ಅಷ್ಟೇ. ನಾನು ಒಬ್ಬನೇ, ಕಣ್ಣು ಮುಚ್ಚಿ, ಎಲ್ಲರ ಜೊತೆ ಹಾಡ್ತಿದ್ದೀನಿ ಅಂದುಕೊಂಡು ಹಾಡ್ತಿದ್ದೆ.

ಅವರು ಅಳ್ತಿದ್ದರು ಮಗಳೇ. ಸಂತೋಷಕ್ಕೆ. ನನ್ನ ಕಿವುಡಿಗೆ ಅವರೇ ದೇವರ ಹೆಸರಿಟ್ಟರು. ನಾನು ಇಡಲಿಲ್ಲ. ಆದ್ರೆ ತೆಗೆಯಲೂ ಇಲ್ಲ. ಮುಂದಿನ ವಾರ ಸಿಸ್ಟರ್ ಪೆಟ್ವೇ ಕಾಯಿಲೆ ಬಿದ್ದ ಮೊಮ್ಮಗುವನ್ನು ತಂದು ನನ್ನ ಕೈಗೆ ಕೊಟ್ಟಳು, ತಲೆ ಮೇಲೆ ಕೈಯಿಡಿ ಡೀಕನ್ ಅಂತ. ಇಟ್ಟೆ. ಪ್ರಾರ್ಥನೆ ನಿಜವಾಗಿಯೇ ಮಾಡಿದೆ. ಮಗು ಚೆನ್ನಾಗಿದೆ, ದೇವರು ದೊಡ್ಡವನು. ಆದ್ರೆ ರಾತ್ರಿ ಮಂಡಿಯೂರಿದಾಗ ಕೇಳ್ತೀನಿ, ಕರ್ತನೇ, ನಿನ್ನ ಹೆಸರನ್ನು ನಾನು ಪರದೆ ಮಾಡಿಕೊಂಡೆನಲ್ಲ, ಇದಕ್ಕೆ ಏನಂತೀಯ ಅಂತ. ಅವನೂ ಸುಮ್ಮನಿರ್ತಾನೆ. ಅಥವಾ ಹೇಳ್ತಾನೋ ಏನೋ. ನನಗೆ…

ಈಗ ಅರ್ಥವಾಯ್ತಾ, ಯಾಕೆ ಬರೋದಿಲ್ಲ ಅಂದೆ ಅಂತ? ಆ ಬಾಲ್ಕನಿ ತುಂಬಾ ಜನರ ಮುಂದೆ ನಾನು ಗಿಟಾರ್ ಹಿಡಿದು, ಶ್ರುತಿ ತಪ್ಪಿ, ನೀವು ನಿಲ್ಲಿಸಿದಮೇಲೂ ಬಾರಿಸ್ತಾ ಕೂತರೆ? ಅವರು ನಕ್ಕರೆ ತಡ್ಕೋತೀನಿ. ಚಪ್ಪಾಳೆ ಹೊಡೆದ್ರೆ? ಅಯ್ಯೋ ಪಾಪ ಅಂತ ಚಪ್ಪಾಳೆ ಹೊಡೆದ್ರೆ? ಅಮ್ಮನ ಹಾಡು ಅದು. ನನಗೆ ಕೇಳಿಸೋದು ಈಗ ಅದೊಂದೇ, ಒಳಗಡೆ. ಅದನ್ನೂ ಅಲ್ಲಿ ಕಳಕೊಂಡು ಬರಲಾ?

ಏನಾದ್ರೂ ಹೇಳು. ಬಯ್ಯಿ ಬೇಕಾದ್ರೆ.

ಎಲ್ಲಿಗೆ ಹೊರಟೆ? ಶೆಡ್ಡಿನ ಕಡೆ ಯಾಕೆ? ಕ್ಯಾಲಿ!

…

ಕರ್ತನೇ, ಮಗು ಬೇಜಾರಾಗಿ ಹೋಯ್ತು. ಅವಳ ದಾರಿ ಕಾಯಿ. ಅವಳ ಕೋಲು ಅವಳ ಕೈಯಿಂದ ಬೀಳದ ಹಾಗೆ…

ಓ. ಬಂದೆಯಾ. ಅದನ್ನು ಯಾಕೆ ಎಳ್ಕೊಂಡು ಬಂದೆ? ಧೂಳು, ಧೂಳು! ಅರ್ಲೀನ್ ನೆಲ ಒರೆಸಿ ಹೋಗಿದ್ದಾಳೆ. ಹಲಗೆ ಇಲ್ಲೇ ಹಾಕ್ತೀಯಾ, ನನ್ನ ಕಾಲ ಕೆಳಗೆ? ಬಕೀಟು ಬೋರಲು ಹಾಕಿ ಅದರ ಮೇಲೆ ನೀನು… ಒಂದು ಕಾಲು ನನ್ನ ಹಲಗೆ ಮೇಲೇ ಇಟ್ಟೆಯಾ. ಏನು ಮಾಡ್ತಿದ್ದೀಯ? ನನ್ನ ಎದುರಿಗೆ ಕೂತು… ಭುಜ ಯಾಕೆ ಎತ್ತಿದೆ? ನೋವಾ?

ಇಳಿಸಿದೆ.

ಮತ್ತೆ ಎತ್ತಿದೆ…

ಓ.

ಓ, ನನ್ನ ತಂದೆಯೇ.

ತಿರುಗಿ ಮಾಡು. ಇನ್ನೊಂದು ಸಲ. ತಡಿ… ತಡಿ… ಬೀಳು. ಬಂತು! ಹಲಗೆಯಲ್ಲಿ ಬಂತು ಕಣೇ, ಅಂಗಾಲಿಗೆ ಬಂತು! ನಿನ್ನ ಕಾಲು ಬಿತ್ತು, ನನ್ನ ಕಾಲು ಬಿತ್ತು. ಆ ಉಸಿರು… ಅದೂ ಇದೆ. ಅಮ್ಮ ಬಟ್ಟೆ ಮೇಲೆತ್ತಿ ಹಿಡಿದಿದ್ದಾಳೆ… ಹಿಡಿದಿದ್ದಾಳೆ… ಹಾಂ!

ನಿಲ್ಲಿಸಬೇಡ. ನಿಲ್ಲಿಸಿದ್ರೆ ನನಗೆ ಕಾಣುತ್ತೆ, ಕಂಡ್ರೆ ನಾನೂ ನಿಲ್ಲಿಸ್ತೀನಿ. ನೋಡಿದೆಯಾ? ನಿಂತೆವು. ಇಬ್ಬರೂ ಒಟ್ಟಿಗೇ ನಿಂತೆವು. ಯಾರೂ ಒಂಟಿಯಾಗಿ ಹಾಡ್ತಾ ಉಳಿಯಲಿಲ್ಲ.

ಗಿಟಾರೂ ತಂದಿದ್ದೀಯಲ್ಲ, ಇತ್ತ ಕೊಡು. ಬೇಡ, ಮೊದಲು ನೀನೇ ಶ್ರುತಿ ಮಾಡು. ಅದು ಇನ್ನು ನನ್ನ ಕೈಲಾಗೋದಲ್ಲ. ನಾಳೆಯೂ ನೀನೇ ಮಾಡಿಕೊಡಬೇಕು, ಎಲ್ಲರ ಎದುರಿಗೇ, ಮುಚ್ಚಿಡೋದು ಬೇಡ. ಡ್ವೈಟ್‌ಗೆ ಹೇಳು, ಮುದುಕನೇ ನಿನ್ನ ತಂಗಿಯ ಭುಜ ನೋಡಿ ಬಾರಿಸ್ತಾನೆ, ನೀನು ಯಾವ ದೊಡ್ಡ ಮನುಷ್ಯ ಅಂತ. ಅವನ ಕಣ್ಣು ತಾನಾಗಿ ತೆರೆಯುತ್ತೆ. ತೆರೀದಿದ್ರೆ ಹಳೇ ಸ್ಪ್ಯಾನರ್ ಇದೆ, ತರ್ತೀನಿ.

ನಕ್ಕೆ! ಈಗ ನಕ್ಕೆ.

ಇವತ್ತು ಸಾಯಂಕಾಲ ಅರ್ಲೀನ್‌ಗೆ ಹೇಳ್ತೀನಿ. ಅವಳಿಗೆ ಗೊತ್ತಿರಬಹುದು ಅಂತೀಯಾ? …ಗೊತ್ತಿರುತ್ತೆ. ಹೂವು ತಂದುಕೊಟ್ಟ ದಿನವೇ ಗೊತ್ತಾಗಿರುತ್ತೆ. ನಿನ್ನನ್ನು ಇಲ್ಲಿಗೆ ಕಳಿಸಿದ್ದೇ ಅವಳಾ? ಬಾಯಿ ಬಿಡಬೇಡ, ಬೇಡ, ಮುಖ ಹೇಳ್ತಿದೆ. ಭಾನುವಾರ ಸಭೆಯ ಮುಂದೆ ನಿಂತು ಹೇಳ್ತೀನಿ. ಸಿಸ್ಟರ್ ಪೆಟ್ವೇ ಮತ್ತೆ ಅಳಬಹುದು. ಪಾಸ್ಟರ್ ಏನಂತಾನೋ. ಭಯ ಇದೆ ಮಗಳೇ, ಇಲ್ಲ ಅಂದ್ರೆ ಸುಳ್ಳಾಗುತ್ತೆ. ಇವತ್ತಿಗೆ ಸುಳ್ಳು ಸಾಕು.

ನಾಳೆ ವ್ಯಾನು ಎಷ್ಟು ಹೊತ್ತಿಗೆ ಬರುತ್ತೆ? ಬೆರಳಿನಲ್ಲಿ ತೋರಿಸು. ಹತ್ತಕ್ಕಾ. ಸರಿ, ಶೂ ಪಾಲಿಶ್ ಮಾಡಿಡಬೇಕು.

ಕೈ ಕೊಡು. ತಲೆ ಬಗ್ಗಿಸು. ಇಲ್ಲ, ನಾನು ಕಣ್ಣು ಮುಚ್ಚೋದಿಲ್ಲ. ನೀನು ಆಮೆನ್ ಅನ್ನೋದು ನೋಡಬೇಕು.

ಕರ್ತನೇ, ಕಿವಿ ಕೊಟ್ಟವನೇ, ಕಿವಿ ತಗೊಂಡವನೇ, ಅಂಗಾಲಿಗೆ ಬಂದು ಮುಟ್ಟಿದವನೇ, ನಿನಗೆ ಸ್ತೋತ್ರ. ಈ ಹುಡುಗಿಯ ಭುಜ ಸೋಲದಿರಲಿ. ಅಣ್ಣ ತಂಗಿಯರ ಕಣ್ಣು ಒಬ್ಬರ ಮೇಲೊಬ್ಬರದು ಇರಲಿ. ನನ್ನ ಮಾತನ್ನು ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದವರನ್ನು, ಕೇಳಿಸದಿದ್ದರೂ ಮುಖ ನೋಡ್ತಾ ಕೂತವರನ್ನು, ಹೇಳಲಾಗದೆ ಸುಮ್ಮನಿದ್ದವರನ್ನು, ಎಲ್ಲರನ್ನೂ ಹೆಸರು ಹೆಸರಾಗಿ ಆಶೀರ್ವದಿಸು. ಅವರ ಮನೆಯಲ್ಲಿ ರೊಟ್ಟಿ ಇರಲಿ, ಒಲೆ ಬೆಚ್ಚಗಿರಲಿ, ಅವರು ಹಾಡುವಾಗ ಜೊತೆಗೆ ಯಾರಾದರೂ ಇರಲಿ.

ಆಮೆನ್.

…ಕಂಡೆ ಮಗಳೇ. ಆಮೆನ್ ಅಂದದ್ದು ಕಂಡೆ.